ಟ್ಯಾಬಿನ ಹೊಟ್ಟೆ ತುಂಬಿದ ಕತೆ



ಈ ಸಲ ಹಪ್ಪಳ ಸಂಡಿಗೆ ವಿಷಯ ಅಲ್ಲ. ಮನೆಮನೆಯಲ್ಲೂ ಟಿ.ವಿ. ಪಕ್ಕದಲ್ಲಿ ಗೋಡೆಗೆ ಒರಗಿಕೊಂಡು ಕೂತೈತಲ್ಲ ಟ್ಯಾಬು, ಅದರ ವಿಷಯ. ಕೊರೊನಾ ಕಾಲದಲ್ಲಿ ಮಕ್ಕಳ ಪಾಠಕ್ಕೆ ಅಂತ ಚೀಟಿ ಎತ್ತಿ, ಸಾಲ ಮಾಡಿ ತಂದವು ಕೆಲವು. 2021ರ ಜೂನ್‌ನಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ಮಕ್ಕಳಿಗೆ ಸರ್ಕಾರ ಟ್ಯಾಬು ಹಂಚೋಕೆ ಶುರು ಮಾಡ್ತು, ಹಂಗೆ ಬಂದವು ಕೆಲವು. ಓದೋರು ಓದಿ ಬೆಂಗಳೂರು ಸೇರಿದ್ರು. ಟ್ಯಾಬು ನಮ್ಮ ಪಾಲಿಗೆ ಉಳೀತು. ಈಗ ಅದರಲ್ಲಿ ಪುರಾಣ ಕೇಳ್ತೀವಿ, ರಂಗೋಲಿ ನೋಡ್ತೀವಿ, ಮೊಮ್ಮಗು ಮುಖ ನೋಡ್ತೀವಿ.

ಆದ್ರೆ ಇತ್ತೀಚೆಗೆ ಎಲ್ಲರದ್ದೂ ಒಂದೇ ದೂರು. ಮುಟ್ಟಿದ್ರೆ ಓಗೊಡಲ್ಲ, ಒಂದು ಲೋಟ ಕಾಫಿ ಕುಡಿದು ಬರೋಷ್ಟು ಹೊತ್ತು ಬೇಕು. ಅದರ ಮೇಲೆ "ಸ್ಟೋರೇಜ್ ಫುಲ್" ಅಂತ ದಿನಾ ಹೇಳ್ತೈತೆ. ಹೆಂಗೆ ಖಾಲಿ ಮಾಡೋದು ಅಂತ ಹೊಸದುರ್ಗದಿಂದ ಚಿಕ್ಕಮ್ಮ ಕೇಳಿದ್ರು, ಹೊಳಲ್ಕೆರೆಯಿಂದ ನಾದಿನಿ ಕೇಳಿದ್ಲು. ಹೇಳ್ತೀನಿ. ಅದಕ್ಕೂ ಮುಂಚೆ ಈ ಮೆಮೊರಿ ಅನ್ನೋದು ಎಲ್ಲಿಂದ ಬಂತು, ಅದರಲ್ಲಿ ನಮ್ಮಂಥ ಹೆಂಗಸರ ಕೈ ಎಷ್ಟಿತ್ತು ಅನ್ನೋ ಕತೆ ಕೇಳಿ. ಅದು ಗೊತ್ತಾದ್ರೆ ಏನು ಬಿಸಾಕಬೇಕು, ಏನು ಬಿಸಾಕಬಾರದು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಹಗೇವು ಒಂದು, ಅಡಿಗೆ ಕಟ್ಟೆ ಒಂದು

ಟ್ಯಾಬಿನಲ್ಲಿ ಮೆಮೊರಿ ಎರಡು ಥರ. ಇದೊಂದು ತಿಳಿದ್ರೆ ಅರ್ಧ ತಲೆನೋವು ಹೋಯ್ತು.

ನಮ್ಮ ಬಯಲುಸೀಮೆಯಲ್ಲಿ ರಾಗಿ ಇಡೋಕೆ ಹಗೇವು ತೋಡ್ತಿದ್ರು, ಹಿರಿಯರಿಗೆಲ್ಲ ನೆನಪಿರುತ್ತೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ರೆ ವರ್ಷಗಟ್ಟಲೆ ಕೆಡ್ತಿರಲಿಲ್ಲ. ತೆಗೆಯುವಾಗ ಮುಚ್ಚಳ ಎತ್ತಿದ ಕೂಡಲೇ ಯಾರೂ ಇಳೀತಿರಲಿಲ್ಲ. ಒಳಗಿನ ಗಾಳಿ ಉಸಿರು ಕಟ್ಟಿಸುತ್ತೆ ಅಂತ ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ರೆ ಮಾತ್ರ ಇಳೀತಿದ್ರು. ಟ್ಯಾಬಿನ ಸ್ಟೋರೇಜ್ ಅಂದ್ರೆ ಈ ಹಗೇವು. 16 ಜಿಬಿ, 32 ಜಿಬಿ, 64 ಜಿಬಿ ಅಂತ ಡಬ್ಬಿ ಮೇಲೆ ಬರೆದಿರುತ್ತಲ್ಲ, ಅದು. ಕರೆಂಟು ಹೋದ್ರೂ, ಟ್ಯಾಬು ಆಫ್ ಆದ್ರೂ ಅದರಲ್ಲಿ ಇಟ್ಟಿದ್ದು ಇಟ್ಟಂಗೇ ಇರುತ್ತೆ.

ಇನ್ನೊಂದು ರ‍್ಯಾಮ್. ಅದು ಅಡಿಗೆ ಕಟ್ಟೆ. ಈಗ ಬೇಕಾದ ಹಿಟ್ಟು, ಉಪ್ಪು, ಮೆಣಸಿನಕಾಯಿ ಮಾತ್ರ ಅಲ್ಲಿ. ಕಟ್ಟೆ ಸಣ್ಣದಾಗಿ ಐದು ಅಡಿಗೆ ಒಟ್ಟಿಗೆ ಹಚ್ಚಿದ್ರೆ, ಒಂದು ಪಾತ್ರೆ ಕೆಳಗಿಟ್ಟು ಇನ್ನೊಂದು ಮೇಲೆತ್ತೋದ್ರಲ್ಲೇ ಹೊತ್ತು ಹೋಗುತ್ತೆ. ಹಳೇ ಟ್ಯಾಬುಗಳಿಗೆ ಇರೋದೇ ಒಂದು ಜಿಬಿ, ಎರಡು ಜಿಬಿ ಕಟ್ಟೆ. ಈ ಕಟ್ಟೆ ಮೇಲಿನ ನೆನಪು ಕರೆಂಟು ಇದ್ದಷ್ಟು ಹೊತ್ತು ಮಾತ್ರ. ಆಫ್ ಮಾಡಿದ್ರೆ ಒರೆಸಿದಂಗೆ ಹೋಗುತ್ತೆ. ಅದಕ್ಕೇ ಆಫ್ ಮಾಡಿ ಆನ್ ಮಾಡಿದ್ರೆ ಸ್ವಲ್ಪ ಹೊತ್ತು ಚುರುಕಾಗೋದು.

ಹಗೇವು ತುಂಬಿದ್ರೂ ನಿಧಾನ, ಕಟ್ಟೆ ಸಾಲದಿದ್ರೂ ನಿಧಾನ. ಯಾವುದು ನಮ್ಮ ಕಾಯಿಲೆ ಅಂತ ನೋಡ್ಕೊಂಡು ಔಷಧಿ ಮಾಡಬೇಕು.

ಕಲ್ಲು ಮತ್ತು ಕಂಠ

ನೆನಪು ಇಡೋ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಐತೆ. ಎರಡು ಸಾವಿರ ವರ್ಷಕ್ಕೂ ಮೇಲಾಯ್ತು. ಬರೆದವನ ಹೆಸರು ಚಪಡ ಅಂತಾನೂ ಕಲ್ಲಿನಲ್ಲೇ ಉಳಿದೈತೆ. ಕಲ್ಲು ಕೆತ್ತೋದು ಕಷ್ಟದ ಕೆಲಸ. ಹಂಗಾಗಿ ತಂದೆ ತಾಯಿ ಮಾತು ಕೇಳು, ಪ್ರಾಣಿಗೆ ದಯೆ ತೋರು, ಸತ್ಯ ಹೇಳು ಅನ್ನೋ ಮುಖ್ಯವಾದ ನಾಲ್ಕು ಮಾತು ಆರಿಸಿ ಕೆತ್ತಿಸಿದ್ರು. ಬೆಳಗ್ಗೆ ಎದ್ದು "ಶುಭೋದಯ" ಅಂತ ಯಾರೂ ಬಂಡೆ ಮೇಲೆ ಕೆತ್ತಿಸಲಿಲ್ಲ.

ಕಲ್ಲಿಲ್ಲದವರು ಕಂಠದಲ್ಲಿ ಇಟ್ಕೊಂಡ್ರು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಹೆಸರು ಕೇಳಿರ್ತೀರಿ. ಓದು ಬರಹ ಕಲಿತವರಲ್ಲ. ಸಾವಿರಾರು ಪದ ಬಾಯಲ್ಲೇ ಇದ್ವು. ಕೃಷ್ಣಮೂರ್ತಿ ಹನೂರು ಅವರು ಆ ಹಟ್ಟಿಗೆ ಹೋಗಿ, ಕೂತು ಕೇಳಿ, ಅವನ್ನು ಸಂಗ್ರಹಿಸಿ "ಸಾವಿರದ ಸಿರಿ ಬೆಳಗು" ಅಂತ ಪುಸ್ತಕ ಮಾಡಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಆ ಅಜ್ಜಿಗೆ ನಾಡೋಜ ಗೌರವ ಕೊಡ್ತು. ಆ ಪದಗಳಿಗೆ ಇದ್ದ ಜಾಗ ಒಂದೇ, ಅಜ್ಜಿಯ ನೆನಪು. ಬರೆದುಕೊಳ್ಳೋರು ಬರದೇ ಹೋಗಿದ್ರೆ ಅಜ್ಜಿ ಜೊತೆಗೇ ಎಷ್ಟೋ ಹೋಗಿರೋವು. ಈ ಮಾತು ಮನಸ್ಸಿನಲ್ಲಿ ಇಟ್ಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತೆ.

ಮಣಿ ಪೋಣಿಸಿದ ಹೆಂಗಸರು

ಯಂತ್ರಕ್ಕೆ ನೆನಪು ಕಲಿಸಿದ ಮೊದಲ ಪಾಠ ಮಗ್ಗದಿಂದ ಬಂತು ಅಂದ್ರೆ ನಂಬ್ತೀರಾ? ಫ್ರಾನ್ಸ್ ದೇಶದ ಲಿಯೋನ್ ಅನ್ನೋ ರೇಷ್ಮೆ ಊರಿನಲ್ಲಿ, 1804ರ ಸುಮಾರಿಗೆ, ಜಕಾರ್ಡ್ ಅನ್ನೋನು ಒಂದು ಮಗ್ಗ ಮಾಡಿದ. ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಸರಪಳಿ ಥರ ಕಟ್ಟಿ ಮಗ್ಗದ ಮೇಲೆ ಹಾಕೋದು. ತೂತು ಇದ್ದ ಕಡೆ ಎಳೆ ಮೇಲೇಳುತ್ತೆ, ಇಲ್ಲದ ಕಡೆ ಏಳಲ್ಲ. ಸೆರಗಿನ ನವಿಲು, ಅಂಚಿನ ಬಳ್ಳಿ ಎಲ್ಲ ಆ ರಟ್ಟಿನಲ್ಲೇ ನೆನಪಾಗಿ ಕೂತಿರುತ್ತೆ. ಸೀರೆ ನೇಯೋ ಕಡೆ ಜಕಾರ್ಡ್ ಮಗ್ಗ ನೋಡಿದವರಿಗೆ ಇದು ಹೇಳೋದೇ ಬೇಡ. ಮುಂದೆ ಕಂಪ್ಯೂಟರ್ ಬಂದಾಗ ಇದೇ ತೂತಿನ ಕಾರ್ಡುಗಳಲ್ಲಿ ಲೆಕ್ಕ ಬರೆದು ಹಾಕ್ತಿದ್ರು. ತೂತು ಐತೆ, ತೂತು ಇಲ್ಲ, ಹೌದು, ಅಲ್ಲ. ಯಂತ್ರದ ಅಕ್ಷರ ಇಷ್ಟೇ. ಹಿಂಗೊಂದು ಹೌದು-ಅಲ್ಲಕ್ಕೆ ಒಂದು ಬಿಟ್ ಅಂತಾರೆ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್.

ಆಮೇಲೆ, 1950ರ ದಶಕದಲ್ಲಿ ಮಣಿ ಬಂದ್ವು. ಸಾಸಿವೆಗಿಂತ ಸ್ವಲ್ಪ ದೊಡ್ಡ ಫೆರೈಟ್ ಉಂಗುರಗಳು. ಅದರೊಳಗೆ ತೆಳ್ಳನೆ ತಂತಿ ಅಡ್ಡಡ್ಡ ಉದ್ದುದ್ದ ಪೋಣಿಸಿದ್ರೆ ಒಂದು ಜಾಲ. ಒಂದೊಂದು ಮಣಿಯಲ್ಲಿ ಒಂದೊಂದು ಹೌದು-ಅಲ್ಲ. ಇದಕ್ಕೆ ಕೋರ್ ಮೆಮೊರಿ ಅಂತ ಹೆಸರು. ಪೋಣಿಸೋ ಕೆಲಸ ಬಹುಪಾಲು ಹೆಂಗಸರದ್ದು. ಸೂಕ್ಷ್ಮ ಕಣ್ಣು, ಸ್ಥಿರ ಬೆರಳು, ಒಂದು ಎಳೆ ತಪ್ಪಿದ್ರೂ ಬಿಚ್ಚಿ ಮತ್ತೆ ಪೋಣಿಸೋ ತಾಳ್ಮೆ, ಇಷ್ಟೂ ಬೇಕು.

ನಮ್ಮ ದೇಶದಲ್ಲೇ ತಯಾರಾದ ಮೊದಮೊದಲ ಕಂಪ್ಯೂಟರ್‌ಗಳಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಟಿಫ್ರಾಕ್ ಒಂದು. 1960ರಲ್ಲಿ ಕೆಲಸ ಶುರು ಮಾಡ್ತು. ಅದರ ಮೆಮೊರಿಯೂ ಇಂಥ ಮಣಿಗಳದ್ದೇ. 2,048 ಪದ, ಒಂದೊಂದು ಪದಕ್ಕೆ 40 ಮಣಿ. ಒಟ್ಟು 81,920 ಮಣಿ ಆಯ್ತು. ಇವತ್ತಿನ ಲೆಕ್ಕದಲ್ಲಿ ಹತ್ತು ಕೆಬಿ.

ಇನ್ನೂ ಒಂದು ಕತೆ ಐತೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ದಾರಿ ತೋರಿಸಿದ ಅಪೊಲೊ ಕಂಪ್ಯೂಟರ್‌ನ ಮೆಮೊರಿಯನ್ನು ಅಮೆರಿಕದ ವಾಲ್ಥಮ್ ಅನ್ನೋ ಊರಿನ ಕಾರ್ಖಾನೆಯಲ್ಲಿ ಹೆಂಗಸರು ಕೂತು ನೇಯ್ದಿದ್ರು. ತಂತಿ ಉಂಗುರದ ಒಳಗೆ ಹೋದ್ರೆ ಒಂದು, ಹೊರಗೆ ಹೋದ್ರೆ ಸೊನ್ನೆ. ನೇಯ್ದಿದ್ದು ನೇಯ್ದಂಗೇ, ಅಳಿಸೋ ಮಾತೇ ಇಲ್ಲ. ಆ ಎಂಜಿನಿಯರ್‌ಗಳು ಅದಕ್ಕೆ ತಮಾಷೆಗೆ "ಅಜ್ಜಿಯರ ಮೆಮೊರಿ" ಅನ್ನೋ ಅರ್ಥದ ಹೆಸರಿಟ್ಟಿದ್ರು. ನೇಯ್ದ ಮೆಮೊರಿಯಲ್ಲಿ 36,864 ಪದ, ಅಳಿಸಿ ಬರೆಯೋ ಮೆಮೊರಿಯಲ್ಲಿ 2,048 ಪದ. ಎರಡೂ ಸೇರಿ 80 ಕೆಬಿಯೂ ಆಗಲ್ಲ.

ಈಗ ನಮ್ಮ ಮನೆ ಲೆಕ್ಕ ಹಾಕೋಣ. "ಅಮ್ಮ" ಅಂತ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ್ರೆ ಒಳಗೆ ನಾಲ್ಕು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ಒಟ್ಟು ಹನ್ನೆರಡು ಬೈಟ್. ಅಂದ್ರೆ 96 ಮಣಿ. "ಅಮ್ಮ" ಅನ್ನೋಕೆ ಒಬ್ಬ ಹೆಣ್ಣುಮಗಳು 96 ಮಣಿ ಪೋಣಿಸಬೇಕಿತ್ತು. ಬೆಳಗ್ಗೆ ಬರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಚಿತ್ರ ಸುಮಾರು 100 ಕೆಬಿ ಅಂತ ಇಟ್ಕೊಳ್ಳಿ. ಎಂಟು ಲಕ್ಷಕ್ಕೂ ಹೆಚ್ಚು ಮಣಿ ಆಯ್ತು. ಟಿಫ್ರಾಕ್‌ನ ಮೆಮೊರಿ ಹತ್ತು ಸೇರಿದ್ರೂ ಅದೊಂದು ಗುಲಾಬಿ ಹಿಡಿಸೋದು ಕಷ್ಟ. ಚಂದ್ರನ ಮೇಲೆ ಇಳಿಸಿದ ಮೆಮೊರಿ ಅಷ್ಟನ್ನೂ ಖಾಲಿ ಮಾಡಿ ಕೊಟ್ರೂ ಹಿಡಿಸಲ್ಲ.

ಮಣಿಗೆ ಬೆಲೆ ಇತ್ತು, ಕೈಗೆ ಬೆಲೆ ಇತ್ತು. ಹಂಗಾಗಿ ಬೇಡದ್ದನ್ನು ಯಾರೂ ಇಡ್ತಿರಲಿಲ್ಲ.

ಮಣಿ ಹೋಗಿ ಚಿಪ್ಪು ಬಂತು

1970ರ ಸುಮಾರಿಗೆ ಮಣಿಯ ಜಾಗಕ್ಕೆ ಚಿಪ್ಪು ಬಂತು. ಅಮೆರಿಕದ ರಾಬರ್ಟ್ ಡೆನ್ನಾರ್ಡ್ ಯೋಚಿಸಿದ ಡಿ-ರ‍್ಯಾಮ್. ಇವತ್ತಿನ ಟ್ಯಾಬಿನ ಅಡಿಗೆ ಕಟ್ಟೆ ಅದೇ ಜಾತಿಯದ್ದು. ಅದಕ್ಕೊಂದು ಗುಣ ಐತೆ, ಸುಮ್ನೆ ಬಿಟ್ರೆ ಮರೆತುಬಿಡುತ್ತೆ. ಸೆಕೆಂಡಿಗೆ ಹತ್ತಾರು ಸಲ ಓದಿ ಮತ್ತೆ ಬರೀತಾ ಇರಬೇಕು. ಒಲೆ ಮೇಲಿನ ಹಾಲನ್ನು ಕಣ್ಣು ಕೀಳದೆ ಕಾಯ್ದಂಗೆ.

ಹಗೇವಿಗೆ ಬೇರೆ ಚಿಪ್ಪು. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಅನ್ನೋರು 1984ರಲ್ಲಿ ಅದನ್ನ ಲೋಕಕ್ಕೆ ತೋರಿಸಿದ್ರು. ಒಂದು ಭಾಗಕ್ಕೆ ಭಾಗವೇ ಒಂದೇ ಏಟಿಗೆ ಅಳಿಯೋದು ನೋಡಿ, ಕ್ಯಾಮೆರಾ ಫ್ಲಾಶ್ ಹೊಡೆದಂಗೆ ಐತೆ ಅಂತ ಜೊತೆಯವರೊಬ್ಬರು ಫ್ಲಾಶ್ ಅಂತ ಹೆಸರು ಸೂಚಿಸಿದ್ರಂತೆ. ಪೆನ್‌ಡ್ರೈವ್, ಮೆಮೊರಿ ಕಾರ್ಡು, ಫೋನು, ಟ್ಯಾಬು ಎಲ್ಲದರ ಹೊಟ್ಟೆಯಲ್ಲೂ ಇರೋದು ಇದೇ.

ಟ್ಯಾಬು ತುಂಬಿದಾಗ ಯಾಕೆ ನಿಧಾನ ಆಗುತ್ತೆ ಅನ್ನೋದರ ಗುಟ್ಟು ಇದರಲ್ಲೇ ಐತೆ. ಫ್ಲಾಶ್‌ನಲ್ಲಿ ಬರೆದಿದ್ದರ ಮೇಲೆ ಇನ್ನೊಂದು ಬರೆಯೋಕೆ ಆಗಲ್ಲ. ಮೊದಲು ಅಳಿಸಬೇಕು. ಬರೆಯೋದು ಚೂರು ಚೂರಾಗಿ, ಅಳಿಸೋದು ಮಾತ್ರ ದೊಡ್ಡ ಕಟ್ಟಾಗಿ. ಒಂದು ಕಟ್ಟಿನಲ್ಲಿ ಬೇಕಾದ್ದು ಬೇಡದ್ದು ಬೆರೆತಿದ್ರೆ, ಬೇಕಾದ್ದನ್ನು ಬೇರೆ ಕಡೆ ಸಾಗಿಸಿ ಆಮೇಲೆ ಅಳಿಸಬೇಕು. ಖಾಲಿ ಜಾಗ ಇದ್ರೆ ಇದು ನಮಗೆ ಗೊತ್ತೇ ಆಗಲ್ಲ. ಜಾಗ ಇಲ್ಲದಿದ್ರೆ? ಎಲ್ಲ ಪಾತ್ರೆ ತುಂಬಿರೋ ಮನೆಯಲ್ಲಿ ಹಾಲು ಹೆಪ್ಪು ಹಾಕೋಕೆ ಹೋದ ಹಂಗೆ. ಮೊದಲು ಒಂದು ಪಾತ್ರೆ ಖಾಲಿ ಮಾಡಿ, ತೊಳೆದು, ಆಮೇಲೆ ಕೆಲಸ.

ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ್ರು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 89 ವರ್ಷ ಆದ್ಮೇಲೆ, 2022ರಲ್ಲಿ. ಊರೂರಿಂದ ಜನ ಹೋಗಿ ಬಾಗಿನ ಬಿಟ್ಟು ಬಂದ್ವಿ. ಮಾರಿಕಣಿವೆ ತುಂಬಿದ್ರೆ ಹಬ್ಬ, ಯಾಕಂದ್ರೆ ಅದಕ್ಕೆ ಕೋಡಿ ಐತೆ, ಹೆಚ್ಚಾಗಿದ್ದು ತಾನಾಗೇ ಹರಿದುಹೋಗುತ್ತೆ. ಟ್ಯಾಬಿಗೆ ಕೋಡಿ ಇಲ್ಲ. ಕೈಯಾರೆ ಖಾಲಿ ಮಾಡಬೇಕು.

ಆಳಿಗೊಂದು ಕಾರ್ಡು: ಬೆಂಗಳೂರಿನ ಸಿಂಪ್ಯೂಟರ್

ಈಗ ಹೇಳೋ ಕತೆ ನಮ್ಮ ರಾಜ್ಯದ್ದೇ. ಅಂಗೈಯಲ್ಲಿ ಹಿಡಿಯೋ, ತೆರೆ ಮುಟ್ಟಿ ನಡೆಸೋ ಕಂಪ್ಯೂಟರನ್ನ ಬಡವರಿಗೂ ಕೊಡಬೇಕು ಅಂತ ಬೆಂಗಳೂರಿನಲ್ಲಿ ಒಂದು ಗುಂಪು ಹೊರಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಅವರ ಜೊತೆ ಎನ್‌ಕೋರ್ ಕಂಪನಿಯವರು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಅಂತ ಮಾಡ್ಕೊಂಡ್ರು. ಮನೋಹರ್ ಮತ್ತು ಜೊತೆಯವರು ಕಟ್ಟಿದ ಪಿಕೋಪೇಟ ಕಂಪನಿ, ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ 2004ರಲ್ಲಿ ಅಮಿಡ ಸಿಂಪ್ಯೂಟರ್ ಅಂತ ಮಾರುಕಟ್ಟೆಗೆ ತಂತು. ಬೆಲೆ ಸುಮಾರು ಹತ್ತು ಸಾವಿರದಿಂದ ಮೇಲೆ. ಆ ವಿಜ್ಞಾನ ಸಂಸ್ಥೆಯದ್ದೇ ಇನ್ನೊಂದು ಆವರಣ ಈಗ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಐತೆ, ಚಿತ್ರದುರ್ಗದವರಿಗೆ ಗೊತ್ತಿರೋದೇ.

ಸಿಂಪ್ಯೂಟರ್‌ನ ಅಡಿಗೆ ಕಟ್ಟೆ 32 ಎಂಬಿ ಇಲ್ಲ 64 ಎಂಬಿ. ಹಗೇವು ಅದಕ್ಕಿಂತ ಹೆಚ್ಚಿಲ್ಲ. ಇವತ್ತು ಮದುವೆಮನೆಯ ಒಂದು ನಿಮಿಷದ ವಿಡಿಯೋಗೂ ಸಾಲಲ್ಲ. ಅಷ್ಟರಲ್ಲೇ ಓದೋಕೆ ಬಾರದವರಿಗೆ ಓದಿ ಹೇಳೋ ಏರ್ಪಾಟು ಮಾಡಿದ್ರು.

ಅದಕ್ಕಿಂತ ಚೆನ್ನಾಗಿದ್ದಿದ್ದು ಅವರ ಇನ್ನೊಂದು ಯೋಚನೆ. ಒಂದು ಹಳ್ಳಿಯಲ್ಲಿ ಮನೆಗೊಂದು ಯಂತ್ರ ಕೊಳ್ಳೋಕೆ ಆಗಲ್ಲ, ಹತ್ತಾರು ಜನ ಒಂದನ್ನೇ ಬಳಸ್ತಾರೆ ಅಂತ ಮೊದಲೇ ಲೆಕ್ಕ ಹಾಕಿದ್ರು. ಅದಕ್ಕೆ ಆಳಿಗೊಂದು ಸ್ಮಾರ್ಟ್ ಕಾರ್ಡು. ಯಂತ್ರ ಊರಿನದ್ದು, ನೆನಪು ಅವರವರದ್ದು. ನನ್ನ ಕಾರ್ಡು ಹಾಕಿದ್ರೆ ನನ್ನ ಲೆಕ್ಕ, ನಿಮ್ಮ ಕಾರ್ಡು ಹಾಕಿದ್ರೆ ನಿಮ್ಮದು. ಒಬ್ಬರದ್ದು ಇನ್ನೊಬ್ಬರಿಗೆ ಅಡ್ಡ ಬರಲ್ಲ, ಒಬ್ಬರದ್ದನ್ನ ಇನ್ನೊಬ್ಬರು ಅಳಿಸೋಕೂ ಹೋಗಲ್ಲ.

ಮೈಸೂರಿನ ಸಂಘಮಿತ್ರ ಸಂಸ್ಥೆ ಕಿರುಸಾಲದ ಕೆಲಸಕ್ಕೆ ಸಿಂಪ್ಯೂಟರ್ ಬಳಸ್ತು. ಆದ್ರೆ ವ್ಯಾಪಾರ ಆಗಲಿಲ್ಲ. ಐವತ್ತು ಸಾವಿರ ಮಾರುತ್ತೆ ಅಂದ್ಕೊಂಡಿದ್ದು 2005ರ ಹೊತ್ತಿಗೆ ನಾಲ್ಕು ಸಾವಿರದ ಆಸುಪಾಸು ನಿಂತ್ತು. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗ ಆಗಿತ್ತು. ಸಿಂಪ್ಯೂಟರ್ ಹೋಯ್ತು, ಅದರ ಜೊತೆ ಆ ಕಾರ್ಡಿನ ಯೋಚನೆನೂ ಹೋಯ್ತು. ಇವತ್ತು ನಮ್ಮ ಮನೆಗಳಲ್ಲಿ ಆಗ್ತಿರೋ ತೊಂದರೆ ಅದೇ ನೋಡಿ. ಟ್ಯಾಬು ಒಂದು, ಬಳಸೋರು ಐದು ಜನ, ಎಲ್ಲರ ನೆನಪೂ ಒಂದೇ ಹಗೇವಿನಲ್ಲಿ. ಮೊಮ್ಮಗನ ಆಟ, ಮಗನ ಕ್ರಿಕೆಟ್, ಸೊಸೆಯ ಬ್ಲೌಸ್ ಡಿಸೈನು, ಅತ್ತೆಯ ಭಜನೆ. ಜಾಗ ಸಾಲದಾದಾಗ ಮೊದಲು ಹೋಗೋದು ಯಾರದ್ದು? ಬಟನ್ ಒತ್ತೋಕೆ ಬಾರದವರದ್ದು.

ಜಾಗ ಸಾಲದ ಹತ್ತು ವರ್ಷ

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಆಕಾಶ್ ಅಂತ ಅಗ್ಗದ ಟ್ಯಾಬು ಬಿಡುಗಡೆ ಆಯ್ತು. ಸರ್ಕಾರಕ್ಕೆ ಸುಮಾರು 2,250 ರೂಪಾಯಿಗೆ ಒಂದು. ವಿದ್ಯಾರ್ಥಿಗಳಿಗೆಲ್ಲ ಕೊಡ್ತಾರಂತೆ ಅಂತ ಆಸೆಪಟ್ಟಿದ್ದು ನೆನಪೈತೆ. ಅದರ ಕಟ್ಟೆ 256 ಎಂಬಿ. ನಿಧಾನ, ಬ್ಯಾಟರಿ ನಿಲ್ಲಲ್ಲ ಅಂತ ದೂರು ಬಂದ್ವು. ಮುಂದಿನ ವರ್ಷ ಬಂದ ಆಕಾಶ್-2ಕ್ಕೆ ಕಟ್ಟೆ ಎರಡರಷ್ಟು ಮಾಡಿದ್ರು, 512 ಎಂಬಿ.

ಕಟ್ಟೆ ದೊಡ್ಡದು ಮಾಡಿದಷ್ಟೂ ಅಡಿಗೆನೂ ದೊಡ್ಡದಾಗ್ತಾ ಹೋಯ್ತು. ಆ್ಯಪ್‌ಗಳು ವರ್ಷ ವರ್ಷ ದಪ್ಪ ಆಗ್ತಾವೆ. ನಮ್ಮ ಟ್ಯಾಬು ಮಾತ್ರ ತಂದಾಗ ಎಷ್ಟಿತ್ತೋ ಅಷ್ಟೇ. ಹಾಳಾಗಿಲ್ಲ ಕಣ್ರೀ ಅದು. ಹೊರೆ ಜಾಸ್ತಿ ಆಗೈತೆ, ಅಷ್ಟೇ.

ಇದು ಬರೀ ನಮ್ಮ ಪುರುಸೊತ್ತಿನ ಮಾತೂ ಅಲ್ಲ. 2021ರಲ್ಲಿ ಪಕ್ಕದ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನುಗಳನ್ನ ವಾಪಸ್ ಕೊಟ್ಟು ಚಳವಳಿ ಮಾಡಿದ್ರು. ಎರಡು ಜಿಬಿ ರ‍್ಯಾಮ್‌ನ ಫೋನು, ಅದರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಓಡಲ್ಲ, ಬಿಸಿ ಆಗುತ್ತೆ, ನಿಂತುಬಿಡುತ್ತೆ ಅನ್ನೋದು ಅವರ ದೂರು. ಮಕ್ಕಳ ತೂಕ, ಬಸುರಿಯರ ಲೆಕ್ಕ ಅಪ್‌ಲೋಡ್ ಆಗದಿದ್ರೆ ಮಾತು ಕೇಳೋರು ಅವರೇ. ಮೆಮೊರಿ ಸಾಲದ್ದು ಯಂತ್ರಕ್ಕೆ, ಬೈಗುಳ ಹೆಂಗಸಿಗೆ. ನಮ್ಮ ಓಣಿಯ ಅಂಗನವಾಡಿ ಅಮ್ಮನಿಗೆ ಇದು ವಿವರಿಸೋದು ಬೇಡ.

ಇನ್ನು ಗುಡ್ ಮಾರ್ನಿಂಗ್ ಪುರಾಣ. ಭಾರತದಲ್ಲಿ ಇಷ್ಟೊಂದು ಫೋನು ಯಾಕೆ ನಿಂತು ನಿಂತು ಹೋಗ್ತಾವೆ ಅಂತ ಗೂಗಲ್‌ನವರು ಅಮೆರಿಕದಲ್ಲಿ ಕೂತು ತಲೆ ಕೆಡಿಸ್ಕೊಂಡಿದ್ರಂತೆ. ಹುಡುಕಿದ್ರೆ ಸಿಕ್ಕಿದ್ದು ಸೂರ್ಯ, ಗುಲಾಬಿ, ನಗೋ ಮಗು, ಕೈ ಮುಗಿದ ದೇವರು. 2018ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಇದನ್ನೇ ದೊಡ್ಡ ಸುದ್ದಿ ಮಾಡ್ತು. ಭಾರತದ ಮೂರು ಸ್ಮಾರ್ಟ್‌ಫೋನ್‌ಗಳಲ್ಲಿ ಒಂದಕ್ಕೆ ದಿನಾ ಜಾಗ ಸಾಲಲ್ಲ ಅಂತ ಅದರಲ್ಲಿ ಬರೆದಿದ್ರು. ಇಂಥ ಚಿತ್ರ ಹುಡುಕಿ ಅಳಿಸೋಕೂ ಅಂತ ಗೂಗಲ್ 2017ರ ಡಿಸೆಂಬರ್‌ನಲ್ಲಿ ಫೈಲ್ಸ್ ಗೋ ಅಂತ ಆ್ಯಪ್ ತಂತು. ಈಗ ಅದರ ಹೆಸರು ಫೈಲ್ಸ್ ಬೈ ಗೂಗಲ್.

ಪತ್ರಿಕೆಯವರು ನಕ್ಕರು, ನಗಲಿ ಬಿಡಿ. ಒಬ್ಬರೇ ಇರೋ ದೊಡ್ಡಮ್ಮ ಬೆಳಗ್ಗೆ ಆರಕ್ಕೆ ಗುಲಾಬಿ ಕಳಿಸಿದ್ರೆ "ಎದ್ದಿದೀನಿ, ಆರಾಮಿದೀನಿ" ಅಂತ ಅರ್ಥ. ಬರಲಿಲ್ಲ ಅಂದ್ರೆ ನಾವೇ ಫೋನ್ ಮಾಡಿ ಕೇಳ್ತೀವಿ. ಕಳಿಸೋದು ತಪ್ಪಲ್ಲ. ಬಂದ ಗುಲಾಬಿನ ವರ್ಷಗಟ್ಟಲೆ ಹಗೇವಿನಲ್ಲಿ ಇಡೋದು ಬೇಡ, ಅಷ್ಟೇ. ದಿನಕ್ಕೆ 50 ಚಿತ್ರ, ಒಂದೊಂದು 100 ಕೆಬಿ ಅಂದ್ರೆ ವರ್ಷಕ್ಕೆ 1.8 ಜಿಬಿ. ಅದರ ಮೇಲೆ ದಿನಕ್ಕೆ ಐದು ವಿಡಿಯೋ, ಒಂದೊಂದು 5 ಎಂಬಿ ಅಂದ್ರೆ ಇನ್ನೊಂದು 9 ಜಿಬಿ. ಎರಡು ವರ್ಷಕ್ಕೆ 32 ಜಿಬಿ ಟ್ಯಾಬಿನ ಹೊಟ್ಟೆ ಉಬ್ಬುತ್ತೆ.

ತೂರಿದ್ರೆ ಹೊಟ್ಟು ಹೋಗಬೇಕು, ಕಾಳು ಉಳೀಬೇಕು

ನಮ್ಮ ಓಣಿಯಲ್ಲೇ ಒಂದು ಮನೆಯಲ್ಲಿ ನಡೆದಿದ್ದು. ಟ್ಯಾಬು ನಿಧಾನ ಅಂತ ಅಂಗಡಿಗೆ ಕೊಟ್ರು. ಅಂಗಡಿಯ ಹುಡುಗ ಒಂದು ಮಾತೂ ಕೇಳದೆ ಫ್ಯಾಕ್ಟರಿ ರಿಸೆಟ್ ಹೊಡೆದ. ಟ್ಯಾಬು ಹೊಸದರಂಗೆ ಓಡ್ತು. ಆದ್ರೆ ತೀರಿಹೋದ ತಾಯಿ ಹಾಡಿದ್ದ ಸೋಬಾನೆ ಪದ, ಹನ್ನೊಂದು ನಿಮಿಷದ್ದು, ಅದರಲ್ಲೇ ಇತ್ತು. ಬೇರೆ ಎಲ್ಲೂ ಇರಲಿಲ್ಲ. ಮಗಳು ಮೂರು ದಿನ ಅನ್ನ ಮುಟ್ಟಲಿಲ್ಲ. ಆ ಹುಡುಗನಿಗೆ ಅದು ಬರೀ ಎಂಬಿ ಲೆಕ್ಕ, ಅವಳಿಗೆ ಅವರವ್ವನ ದನಿ.

ಅದಕ್ಕೇ ಹೇಳೋದು, ಹಗೇವಿಗೆ ಇಳಿಯೋ ಮುಂಚೆ ದೀಪ ಇಳಿಬಿಡಿ. ಒಳಗೆ ಏನೈತೆ ನೋಡಿ, ಆಮೇಲೆ ಕೈ ಹಾಕಿ.

ಮೊದಲು, ಮತ್ತೆ ಸಿಗದಂಥದ್ದನ್ನ ಎತ್ತಿಡಿ. ಹಿರಿಯರ ದನಿ, ಅವರ ಫೋಟೊ, ಮಗುವಿನ ಮೊದಲ ಮಾತು. ಇಲ್ಲೊಂದು ಎಚ್ಚರಿಕೆ: ಗೂಗಲ್ ಫೋಟೋಸ್ ಉಳಿಸೋದು ಫೋಟೊ, ವಿಡಿಯೋ ಮಾತ್ರ. ವಾಟ್ಸಾಪ್‌ನ ವಾಯ್ಸ್ ಮೆಸೇಜು, ರೆಕಾರ್ಡ್ ಮಾಡಿದ ಹಾಡು ಅದರಲ್ಲಿ ಹೋಗಲ್ಲ. ಆ ವಾಯ್ಸ್ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದು, ಶೇರ್ ಅಂತ ಕೊಟ್ಟು ಡ್ರೈವ್‌ಗೆ ಹಾಕಿ. ಇನ್ನೊಂದು ಪ್ರತಿ ಪೆನ್‌ಡ್ರೈವ್‌ಗೆ. ಎರಡು ಪ್ರತಿ, ಎರಡು ಜಾಗ. ಗೂಗಲ್ ಪುಕ್ಕಟೆ ಕೊಡೋದು ಒಟ್ಟು 15 ಜಿಬಿ, 2021ರ ಜೂನ್ 1ರಿಂದ ಫೋಟೊಗಳೂ ಅದೇ ಲೆಕ್ಕಕ್ಕೆ ಸೇರ್ತಾವೆ. ಹಂಗಾಗಿ ಅಲ್ಲಿಗೂ ಗುಲಾಬಿ ತುಂಬಬೇಡಿ.

ಆಮೇಲೆ ಹೊಟ್ಟು ತೂರಿ. ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್ ಒತ್ತಿದ್ರೆ 5 ಎಂಬಿಗಿಂತ ದೊಡ್ಡವು ಒಂದು ಕಡೆ, ಊರೆಲ್ಲ ಸುತ್ತಿ ಬಂದ ಫಾರ್ವರ್ಡ್‌ಗಳು ಒಂದು ಕಡೆ ಸಿಗ್ತಾವೆ. ಒಂದೊಂದೇ ನೋಡಿ ಅಳಿಸಿ. ಅದೇ ಸ್ಟೋರೇಜ್ ಅಂಡ್ ಡೇಟಾದಲ್ಲಿ ಮೀಡಿಯಾ ತಾನಾಗೇ ಡೌನ್‌ಲೋಡ್ ಆಗೋದನ್ನ ನಿಲ್ಲಿಸಿ. ಬೇಕಾದ್ದನ್ನ ಮುಟ್ಟಿದ್ರೆ ಬರುತ್ತೆ.

ಕ್ಯಾಶ್ ಅಂತ ಒಂದಿರುತ್ತೆ, ಅದು ಕೆರೆಯ ಹೂಳು ಇದ್ದಂಗೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ತೆಗೆದು, ಯೂಟ್ಯೂಬ್, ಫೇಸ್‌ಬುಕ್ ಒಂದೊಂದರ ಸ್ಟೋರೇಜ್ ಒಳಗೆ ಕ್ಲಿಯರ್ ಕ್ಯಾಶ್ ಒತ್ತಿ. ಏನೂ ನಷ್ಟ ಇಲ್ಲ. ಪಕ್ಕದಲ್ಲೇ ಕ್ಲಿಯರ್ ಡೇಟಾ ಅಂತ ಇರುತ್ತೆ, ಅದನ್ನ ಮುಟ್ಟಬೇಡಿ. ಹೂಳು ತೆಗೆಯೋಕೆ ಹೋಗಿ ಏರಿ ಒಡೆದಂಗೆ ಆಗುತ್ತೆ.

ಫೋಟೊ ಅಳಿಸಿದ್ರೂ ಅದು ಕಸದ ಬುಟ್ಟಿಯಲ್ಲಿ ಇರುತ್ತೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದು 60 ದಿನ, ಆಗದಿದ್ದದ್ದು 30 ದಿನ. ಜಾಗ ಬಿಡುವಾಗಬೇಕು ಅಂದ್ರೆ ಬುಟ್ಟಿಯನ್ನೂ ಖಾಲಿ ಮಾಡಿ. ಕೈ ತಪ್ಪಿ ಅಳಿಸಿದ್ರೆ ಅಲ್ಲಿಂದಲೇ ವಾಪಸ್ ತರಬಹುದು. ಬ್ಯಾಕಪ್ ಆದ ಫೋಟೊನ ಅಲ್ಲಿ ಅಳಿಸಿದ್ರೆ ಎರಡೂ ಕಡೆ ಹೋಗುತ್ತೆ ಅನ್ನೋದು ಮರೀಬೇಡಿ. ಟ್ಯಾಬಿನಿಂದ ಮಾತ್ರ ತೆಗೆಯೋಕೆ ಫ್ರೀ ಅಪ್ ಸ್ಪೇಸ್ ಅಂತ ಬೇರೆ ಐತೆ, ಅದನ್ನ ಒತ್ತಿ.

ಮೆಮೊರಿ ಹೆಚ್ಚಿಸ್ತೀವಿ, ಸ್ಪೀಡ್ ಮಾಡ್ತೀವಿ ಅನ್ನೋ ಬೂಸ್ಟರ್ ಆ್ಯಪ್‌ಗಳನ್ನ ತೆಗೆದುಹಾಕಿ. ಕಟ್ಟೆ ಸಣ್ಣದು ಅಂತ ಇನ್ನೊಬ್ಬರನ್ನ ಕರೆದು ಕಟ್ಟೆ ಮೇಲೇ ಕೂರಿಸಿದಂಗೆ ಅದು. ಅದರ ಬದಲು ವಾರಕ್ಕೊಂದು ಸಲ ಆಫ್ ಮಾಡಿ ಆನ್ ಮಾಡಿ. ಹಗೇವಿನಲ್ಲಿ ಹತ್ತರಲ್ಲಿ ಒಂದು ಪಾಲಾದ್ರೂ ಖಾಲಿ ಇರಲಿ.

ಇಷ್ಟು ಮಾಡಿದ್ರೂ ಎರಡು ಜಿಬಿ ಕಟ್ಟೆ ನಾಲ್ಕು ಜಿಬಿ ಆಗಲ್ಲ. ಹೊಸ ಆಟ ಓಡಲ್ಲ. ಪುರಾಣ, ಹಾಡು, ಮೊಮ್ಮಗುವಿನ ಮುಖ ಇವಕ್ಕೆ ಸಾಕು. ರಿಸೆಟ್ ಅನ್ನೋದು ಕಟ್ಟಕಡೆಗೆ, ಅದೂ ನಿಮ್ಮ ಕಣ್ಣ ಮುಂದೆ, ಎಲ್ಲ ಎತ್ತಿಟ್ಟ ಮೇಲೆ.

ಸಿಂಪ್ಯೂಟರ್‌ನವರ ಬುದ್ಧಿಯನ್ನ ನಾವು ಮನೆಯಲ್ಲಿ ಉಳಿಸ್ಕೋಬಹುದು. ಒಂದು ಪೆನ್‌ಡ್ರೈವ್ ತಗೊಂಡು ಮನೆಯ ಹಿರಿಯರ ಹೆಸರು ಬರೆದು ಅಂಟಿಸಿ. ಅವರದ್ದು ಅದರಲ್ಲಿ, ಅವರನ್ನ ಕೇಳದೆ ಯಾರೂ ಮುಟ್ಟೋ ಹಂಗಿಲ್ಲ. ಪೆನ್‌ಡ್ರೈವ್‌ನೂ ವರ್ಷಗಟ್ಟಲೆ ಮೂಲೆಯಲ್ಲಿ ಬಿಟ್ರೆ ಅದರೊಳಗಿನ ಫ್ಲಾಶ್ ಮೆಲ್ಲಗೆ ಮರೀತಾ ಬರುತ್ತೆ. ಮೊಳಕಾಲ್ಮೂರು ಸೀರೆನ ವರ್ಷಕ್ಕೊಂದು ಸಲ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡ್ತೀವಲ್ಲ, ಹಂಗೆ ವರ್ಷಕ್ಕೊಮ್ಮೆ ತೆರೆದು ನೋಡಿ, ಹೊಸದಾಗಿ ಪ್ರತಿ ಮಾಡಿಡಿ. ಯುಗಾದಿಗೆ ಮನೆ ಸಾರಿಸಿ ತೊಳೆಯೋ ವಾರದಲ್ಲಿ ಇದನ್ನೂ ಸೇರಿಸ್ಕೊಂಡ್ರೆ ಮರೆಯಲ್ಲ.

ಸಿರಿಯಜ್ಜಿಯ ಪದ ಬರೆದುಕೊಳ್ಳೋಕೆ ಹಟ್ಟಿಗೆ ಒಬ್ಬರು ಬಂದ್ರು. ನಮ್ಮ ಅಜ್ಜಿಯರ ಬಾಗಿಲಿಗೆ ಯಾರೂ ಬರಲ್ಲ. ಬೀಸೋ ಪದ, ಹಸೆ ಹಾಡು, ತೊಟ್ಟಿಲ ಪದ ಇನ್ನೂ ಬಾಯಲ್ಲಿ ಇರೋರು ಓಣಿಗೆ ಒಬ್ಬಿಬ್ಬರು ಉಳಿದಾರೆ. ಟ್ಯಾಬಿನಲ್ಲಿ ಬಿಡುವಾದ ಜಾಗಕ್ಕೆ ಮೊದಲು ಅವರ ದನಿ ಹಾಕಿ. ರೆಕಾರ್ಡರ್ ಆನ್ ಮಾಡಿ ಪಕ್ಕದಲ್ಲಿಟ್ಟು, "ಅಜ್ಜಿ, ಒಂದು ಪದ ಹೇಳು" ಅಂದ್ರೆ ಆಯ್ತು. ಒಂದು ಗಂಟೆ ಹಾಡು 60 ಎಂಬಿ ಆದೀತು. ಹತ್ತು ಹನ್ನೆರಡು ಫಾರ್ವರ್ಡ್ ವಿಡಿಯೋ ಅಳಿಸಿದ್ರೆ ಅಷ್ಟು ಜಾಗ ಸಿಗುತ್ತೆ.